ಕೂಗಳತೆಯ ಆಚೆ

ಮಲೆನಾಡಿನಲ್ಲಿ ದೂರ ಅಳೆಯಲು ಮೈಲಿಗಲ್ಲಿಗಿಂತ ಹಳೆಯ ಲೆಕ್ಕವೊಂದಿದೆ. ಈ ಗುಡ್ಡದ ಅಂಗಳದಲ್ಲಿ ನಿಂತು ‘ಕೂ’ ಹಾಕಿದರೆ ಆಚೆ ಗುಡ್ಡದ ಮನೆಯಿಂದ ತಿರುಗಿ ‘ಕೂ’ ಬರಬೇಕು. ಬಂದರೆ ಆ ಮನೆ ಕೂಗಳತೆಯಲ್ಲಿದೆ ಎಂದು ಲೆಕ್ಕ. ಹಾವು ಕಚ್ಚಲಿ, ಹೆರಿಗೆ ನೋವು ಕಾಣಿಸಲಿ, ಓಡಿಬರಲು ಒಬ್ಬರಿದ್ದಾರೆ. ಬಾರದಿದ್ದರೆ ನಿಮ್ಮ ಪಾಡು ನಿಮಗೆ.

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವಿಧಾನಸೌಧದಲ್ಲಿ ಒಂದು ಪ್ರಕಟಣೆ ಮಾಡಿದಾಗ ನನಗೆ ನೆನಪಾದದ್ದು ಈ ಅಳತೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿದೆ ಎಂದರು ಅವರು. ಏರೋಸ್ಪೇಸ್ ಪಾರ್ಕಿಗೆಂದು ಗುರುತಾಗಿದ್ದ ಜಮೀನದು. ಕೊಡುವುದಿಲ್ಲ ಎಂದು ರೈತರು ಧರಣಿ ಕೂತು ಅಂದಿಗೆ 1,198 ದಿನ.

ಯಲಹಂಕದ ನಮಗೆ ಆ ಊರುಗಳು ಪಕ್ಕದ ಮನೆಯಿದ್ದಂತೆ. ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆ ಹಿಡಿದರೆ ವಿಮಾನ ನಿಲ್ದಾಣ. ಅದರಾಚೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ರಾಗಿ ಹೊಲ, ಹಿತ್ತಿಲಲ್ಲಿ ಚಕ್ಕೋತದ ಮರ. 2008ರ ಮೇ ತಿಂಗಳಲ್ಲಿ ನಿಲ್ದಾಣ ಬಾಗಿಲು ತೆರೆದಂದಿನಿಂದ ಈ ರಸ್ತೆಯ ಎರಡೂ ಮಗ್ಗುಲಲ್ಲಿ ಹೊಲ ಸೈಟಾಗುವುದನ್ನು ನೋಡುತ್ತಲೇ ಬಂದಿದ್ದೇವೆ. ಹೋದ ಜಮೀನು ಹಿಂದಕ್ಕೆ ಬಂದ ಸುದ್ದಿ ಇಲ್ಲಿ ಅಪರೂಪ.

ಆ ಹೋರಾಟದಲ್ಲಿ ರೈತರ ಜೊತೆ ನಿಂತ ಸಂಘಟನೆಗಳು ಹಲವು, ಮುಖಗಳು ಹಲವು. ಅವುಗಳಲ್ಲಿ ನೂರ್ ಶ್ರೀಧರ್ ಅವರದೂ ಒಂದು. 2014ರ ಡಿಸೆಂಬರ್‌ವರೆಗೆ ಇದೇ ವ್ಯಕ್ತಿ ಪೊಲೀಸ್ ಕಡತದಲ್ಲಿ ಭೂಗತ ನಕ್ಸಲ್ ನಾಯಕ. ಪಶ್ಚಿಮಘಟ್ಟದ ಕಾಡಿನಿಂದ ಚನ್ನರಾಯಪಟ್ಟಣದ ಧರಣಿ ಚಪ್ಪರದವರೆಗಿನ ಈ ದಾರಿಯಲ್ಲಿ ಒಂದು ಪುಟ್ಟ ಸಂಘಟನೆಯ ಪೂರ್ತಿ ಚರಿತ್ರೆ ಮಲಗಿದೆ. ಅದು ನಾಡನ್ನು ಆಳಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ, ದೊಡ್ಡದಾಗಿ ಬೆಳೆಯಲೂ ಇಲ್ಲ. ಆದರೂ ಇಪ್ಪತ್ತು ವರ್ಷ ಕರ್ನಾಟಕದ ಸರ್ಕಾರಗಳ ನಿದ್ದೆ ಕೆಡಿಸಿತು, ಹಲವು ಮನೆಗಳ ದೀಪವನ್ನೂ ಆರಿಸಿತು.

1980: ಮೂರು ದಾರಿ

ಕಥೆ ಶುರುವಾಗುವುದು ಒಂದು ವಿಚಿತ್ರ ವರ್ಷದಲ್ಲಿ. 1980ರ ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಕೊಂಡಪಲ್ಲಿ ಸೀತಾರಾಮಯ್ಯ ಪೀಪಲ್ಸ್ ವಾರ್ ಪಕ್ಷ ಕಟ್ಟಿದರು. 1967ರ ನಕ್ಸಲ್‌ಬಾರಿಯ ಕಿಡಿ ಬಂಗಾಳದಲ್ಲಿ ನಂದಿ, ತೆಲಂಗಾಣದಲ್ಲಿ ಮತ್ತೆ ಹೊತ್ತಿಕೊಂಡ ಕಾಲ ಅದು. ಅದೇ ವರ್ಷ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ರೈತ ಸಂಘದ ಹಸಿರು ಶಾಲು ನಾಡಿನ ಉದ್ದಗಲಕ್ಕೆ ಕಾಣಿಸಿಕೊಂಡಿತು. ಡಿಸೆಂಬರ್ 26ರಂದು ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ. ನಮ್ಮ ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಜೊತೆಗೆ ಐಟಿಐ, ಎಚ್‌ಎಎಲ್, ಬಿಇಎಂಎಲ್. ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು, 77 ದಿನ. ಕೇಳಿದ್ದು ಪೂರ್ತಿ ದಕ್ಕದೆ ಗೇಟಿನೊಳಗೆ ಮರಳಿದರೂ ಉತ್ತರ ಬೆಂಗಳೂರಿನ ಕ್ವಾರ್ಟರ್ಸ್‌ಗಳಲ್ಲಿ ಆ ದಿನಗಳನ್ನು ನೆನೆಯುವವರು ಇನ್ನೂ ಇದ್ದಾರೆ.

ಹಸಿರು ಶಾಲು, ಕಾರ್ಖಾನೆ ಗೇಟು, ಬಂದೂಕು. ಬಡವರ ಪರ ಏನಾದರೂ ಮಾಡಬೇಕೆಂದು ಹೊರಟ ಕನ್ನಡದ ಹುಡುಗ ಹುಡುಗಿಯರ ಮುಂದೆ ಆ ದಶಕ ಈ ಮೂರು ದಾರಿಗಳನ್ನು ಇಟ್ಟಿತು. ಇವುಗಳ ಪಕ್ಕದಲ್ಲೇ ದಲಿತ ಸಂಘರ್ಷ ಸಮಿತಿಯ ನೀಲಿ ಬಾವುಟವೂ ಏರಿತ್ತು. ಮೂರನೆಯ ದಾರಿ ಹಿಡಿದವರು ತೀರಾ ಕಡಿಮೆ. ತೆಲಂಗಾಣದ ಗಡಿಗಂಟಿದ ರಾಯಚೂರು ಜಿಲ್ಲೆಯಲ್ಲಿ ಪೀಪಲ್ಸ್ ವಾರ್ ಬೇರು ಬಿಟ್ಟದ್ದು ಈ ದಶಕದಲ್ಲೇ. ಕೂಲಿಯವರ, ಜೀತದವರ ಹಳ್ಳಿಗಳಲ್ಲಿ ಹಾಡು, ನಾಟಕ, ಸಭೆಗಳ ಮೂಲಕ ಅದು ಹರಡಿತು. ಪಟ್ಟಣದ ಕಾಲೇಜುಗಳಿಂದ ಓದು ಬಿಟ್ಟು ಹೋದವರು ಕೆಲವರು.

ಹಾಗೆ ಹೋದವರಲ್ಲಿ ಸಾಕೇತ್ ರಾಜನ್ ಒಬ್ಬರು. ಮೈಸೂರಿನವರು, ಸೈನ್ಯಾಧಿಕಾರಿಯ ಮಗ, ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಓದಿದವರು. ಭೂಗತರಾಗಿದ್ದುಕೊಂಡೇ ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಜನಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು. ‘ಮೇಕಿಂಗ್ ಹಿಸ್ಟರಿ’ಯ ಮೊದಲ ಸಂಪುಟ 1998ರಲ್ಲಿ ಬಂತು, ಶಿಲಾಯುಗದಿಂದ ವರ್ತಕ ಬಂಡವಾಳದ ಕಾಲದವರೆಗೆ. 2004ರ ಎರಡನೆಯದು 1800ರಿಂದ 1857ರವರೆಗಿನ ಸಶಸ್ತ್ರ ಹೋರಾಟಗಳ ಕಾಲದ್ದು. ಅವರ ರಾಜಕೀಯ ಒಪ್ಪದ ಇತಿಹಾಸದ ವಿದ್ಯಾರ್ಥಿಗಳೂ ಆ ಪುಸ್ತಕವನ್ನು ಪಕ್ಕಕ್ಕೆ ಸರಿಸಲಾರರು.

ಆ ಎರಡನೆಯ ಸಂಪುಟದ ಕಾಲಾವಧಿ ಮಲೆನಾಡಿನ ಮಟ್ಟಿಗೆ ದೊಡ್ಡದು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಎಬ್ಬಿಸಿದ ದಂಗೆ, ಮರುವರ್ಷವೇ ಮೈಸೂರರಸರ ಆಡಳಿತ ಬ್ರಿಟಿಷರ ಕೈಗೆ ದಾಟಲು ನೆಪವಾಯಿತು. ಮುಂದೆ ಅದೇ ಮಲೆನಾಡಿನಲ್ಲಿ, 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹಿಡಿದು ಗದ್ದೆಗಿಳಿದಾಗ ಜೊತೆಗಿದ್ದದ್ದು ಇನ್ನೊಂದು ಪುಟ್ಟ ಎಡಪಂಥೀಯ ಪಕ್ಷ, ಸಮಾಜವಾದಿಗಳದು. ಅವರ ಕೈಯಲ್ಲಿ ಬಂದೂಕಿರಲಿಲ್ಲ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಅದೇ ಹೋರಾಟದ ಬಿಸಿಯಲ್ಲಿ ಶಾಸಕರಾದರು, ಕೊನೆಗೆ 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. ಮಲೆನಾಡು ಕೂಗಿದ್ದು ಬೆಂಗಳೂರಿಗೆ ಕೇಳಿಸಲು 23 ವರ್ಷ ಹಿಡಿಯಿತು.

ಕಾಡಿನ ಅಂಚಿನ ಮನೆ

ಆದರೆ ಆ ಕಾನೂನು ಎಲ್ಲರನ್ನೂ ಮುಟ್ಟಲಿಲ್ಲ. ಅದು ನೋಡಿದ್ದು ಧಣಿ ಮತ್ತು ಗೇಣಿದಾರನನ್ನು. ಕಾಡಿನ ಅಂಚಿನಲ್ಲಿ ಅಪ್ಪ ಅಜ್ಜನ ಕಾಲದಿಂದ ಗುಡಿಸಲು ಕಟ್ಟಿಕೊಂಡು, ಎರಡೆಕರೆ ಗದ್ದೆ ಮಾಡಿಕೊಂಡು, ಜೇನು, ಸೀಗೆ, ರಾಮಪತ್ರೆ ಆಯ್ದು ಬದುಕುವ ಮಲೆಕುಡಿಯರು, ಗೌಡಲು ಜನ ಯಾರ ಗೇಣಿದಾರರು? ಅವರ ಧಣಿ ಅರಣ್ಯ ಇಲಾಖೆ. ಕೈಯಲ್ಲಿ ಪಟ್ಟಾ ಇಲ್ಲ, ದಾಖಲೆಯಲ್ಲಿ ಹೆಸರಿಲ್ಲ.

1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟಿತು, 2001ರಲ್ಲಿ ಅಂತಿಮವಾಯಿತು. ಸುಮಾರು 600 ಚದರ ಕಿಲೋಮೀಟರ್. ಅದರೊಳಗಿನ ಮನೆಗಳಿಗೆ ‘ಎದ್ದು ಹೋಗಿ’ ಎಂಬ ಮಾತು ಕಿವಿಗೆ ಬೀಳತೊಡಗಿತು. ಅದೇ ಗುಡ್ಡಗಳ ಒಡಲಲ್ಲಿ ಕಬ್ಬಿಣದ ಅದಿರು ಕಂಪನಿ ಬೆಟ್ಟ ಬಗೆಯುತ್ತಲೇ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತದ್ದು 2005ರ ಕೊನೆಯ ದಿನ. ಬೆಟ್ಟ ಅಗೆಯುವ ಯಂತ್ರಕ್ಕೆ ವರ್ಷಗಳ ಸಮಯ. ಜೇನು ಕೀಳುವವನಿಗೆ ಒಕ್ಕಲೇಳುವ ಭಯ. ಈ ಅನ್ಯಾಯ ಕಾಣಲು ಯಾರೂ ಮಾವೋನನ್ನು ಓದಬೇಕಿರಲಿಲ್ಲ. ಉದ್ಯಾನ ವಿರೋಧಿಸಿ ಊರವರು ಒಕ್ಕೂಟ ಕಟ್ಟಿಕೊಂಡರು, ಜಾಥಾ ಹೋದರು, ಮನವಿ ಕೊಟ್ಟರು. ತಿರುಗಿ ‘ಕೂ’ ಬರಲಿಲ್ಲ.

ಆ ಮೌನದೊಳಕ್ಕೆ ನಕ್ಸಲರು ನಡೆದು ಬಂದರು. ರಾತ್ರಿ ಹೊತ್ತು ಮನೆಗೆ ಬಂದು ಗಂಜಿ ಕೇಳುವ, ಉಂಡ ತಟ್ಟೆ ತಾವೇ ತೊಳೆದಿಡುವ, ಮಕ್ಕಳಿಗೆ ಹಾಡು ಕಲಿಸುವ ಹುಡುಗ ಹುಡುಗಿಯರು. ಅವರ ಹೆಗಲಲ್ಲಿ ಬಂದೂಕಿತ್ತು. ಊರವರಲ್ಲಿ ಕೆಲವರಿಗೆ ಅದು ಧೈರ್ಯ, ಹಲವರಿಗೆ ದಿಗಿಲು. ದಟ್ಟ ಕಾಡು, ಕಡಿದಾದ ಘಟ್ಟ, ಮೂರು ಜಿಲ್ಲೆಗಳ ಗಡಿ, ಆಚೆ ಕೇರಳ: ಪೊಲೀಸ್ ಜೀಪು ಏರಲಾಗದ ಜಾಗ ಅಡಗಲು ಒಳ್ಳೆಯದು ಎಂಬ ಲೆಕ್ಕ ಅವರದು. ಜೀಪು ಬಾರದ ಕಡೆಗೆ ಪತ್ರಿಕೆಯೂ ಬಾರದು, ಅಲ್ಲಿಂದ ಎದ್ದ ಮಾತು ಹೊರಗೂ ಹೋಗದು. ಈ ಇನ್ನೊಂದು ಲೆಕ್ಕವನ್ನು ಅವರು ಹಾಕಿದಂತೆ ಕಾಣುವುದಿಲ್ಲ.

ಈದು, ಬಲಿಗೆ, ಪಾವಗಡ

2003ರ ನವೆಂಬರ್ 17ರ ನಸುಕಿನಲ್ಲಿ ಕಾರ್ಕಳ ತಾಲ್ಲೂಕಿನ ಈದು ಗ್ರಾಮದ ಮನೆಯೊಂದನ್ನು ಪೊಲೀಸರು ಸುತ್ತುವರಿದರು. ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಗುಂಡಿಗೆ ಬಲಿಯಾದರು. ಮಲೆನಾಡು ಕರಾವಳಿಯ ಜನ ‘ಎನ್‌ಕೌಂಟರ್’ ಎಂಬ ಪದವನ್ನು ತಮ್ಮ ಊರಿನ ಹೆಸರಿನ ಜೊತೆ ಓದಿದ್ದು ಅಂದೇ ಮೊದಲು.

ಮರುವರ್ಷ ಗೌರಿ ಲಂಕೇಶ್ ಸೇರಿದಂತೆ ಕೆಲ ಪತ್ರಕರ್ತರು ಕಾಡಿನೊಳಗೆ ಹೋಗಿ ‘ಪ್ರೇಮ್’ ಎಂಬ ನಾಯಕನನ್ನು ಮಾತಾಡಿಸಿ ಬಂದರು. ಪ್ರೇಮ್ ಎಂದರೆ ಸಾಕೇತ್ ರಾಜನ್. ಮಾತುಕತೆಗೆ ದಾರಿ ತೆರೆಯಬಹುದೇ ಎಂದು ನಾಗರಿಕರ ವೇದಿಕೆಯೊಂದು ಸರ್ಕಾರದ ಬಾಗಿಲು ತಟ್ಟಿತು. ಅದೇ 2004ರ ಸೆಪ್ಟೆಂಬರ್‌ನಲ್ಲಿ ಪೀಪಲ್ಸ್ ವಾರ್ ಮತ್ತು ಇನ್ನೊಂದು ನಕ್ಸಲ್ ಗುಂಪು ಎಂಸಿಸಿ ಒಂದಾಗಿ ಮಾವೋವಾದಿ ಪಕ್ಷ ಹುಟ್ಟಿತ್ತು. ಮಾತುಕತೆ ಕುದುರುವ ಮೊದಲೇ 2005ರ ಫೆಬ್ರವರಿ 6ರಂದು ಮಲೆನಾಡಿನ ಮೆಣಸಿನಹಾಡ್ಯದ ಬಲಿಗೆಯಲ್ಲಿ ಸಾಕೇತ್ ರಾಜನ್ ಮತ್ತು ರಾಯಚೂರಿನ ಕಡೆಯ ಶಿವಲಿಂಗು ಪೊಲೀಸರ ಗುಂಡಿಗೆ ಸತ್ತರು.

ನಾಲ್ಕೇ ದಿನ. ಫೆಬ್ರವರಿ 10ರ ರಾತ್ರಿ ಆಂಧ್ರದ ಗಡಿಯ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ, ಶಾಲೆಯೊಂದರಲ್ಲಿ ಬಿಡಾರ ಹೂಡಿದ್ದ ಮೀಸಲು ಪೊಲೀಸರ ಮೇಲೆ ಮಾವೋವಾದಿಗಳು ಮುಗಿಬಿದ್ದರು. ಮಲಗಿದ್ದಲ್ಲೇ ಸತ್ತ ಆ ಪೇದೆಗಳು ಯಾರು? ಬಲಿಗೆಯನ್ನು ನಕ್ಷೆಯಲ್ಲೂ ನೋಡಿರದ ಬಡವರ ಮನೆ ಮಕ್ಕಳು. ಒಬ್ಬ ಇತಿಹಾಸಕಾರನ ಸಾವಿಗೆ ಮುಯ್ಯಿಯಾಗಿ ಸಂಬಳಕ್ಕೆ ದುಡಿಯುವ ಹುಡುಗರನ್ನು ಕೊಂದದ್ದು ಯಾವ ವರ್ಗ ಹೋರಾಟ ಎಂಬ ಪ್ರಶ್ನೆಗೆ ಆ ಪಕ್ಷದ ಕರಪತ್ರಗಳಲ್ಲಿ ನೆಟ್ಟಗಿನ ಉತ್ತರವಿಲ್ಲ. ಅಂದಿನಿಂದ ಸಂಧಾನ ಎಂಬ ಮಾತೇ ಅನುಮಾನದ ಮಾತಾಯಿತು. ಕಾರ್ಕಳದಲ್ಲಿ ನಕ್ಸಲ್ ನಿಗ್ರಹ ಪಡೆ ನೆಲೆಯೂರಿತು. ಕಾಡಿನ ಅಂಚಿನವರ ಬಾಯಲ್ಲಿ ‘ಕೂಂಬಿಂಗ್’ ಕನ್ನಡ ಪದವಾಯಿತು.

ಒಡಕಿನ ಒಳಗೆ

ಇಂಥ ಸಂಘಟನೆಗಳ ಚರಿತ್ರೆ ಬರೆಯುವವರು ಗುಂಡಿನ ಸದ್ದಿಗೇ ಕಿವಿಗೊಡುತ್ತಾರೆ. ಈ ಕಥೆಯ ತಿರುವು ನಡೆದದ್ದು ಮಾತ್ರ ಮಾತಿನಲ್ಲಿ. ಸಾಕೇತ್ ಸಾವಿನ ನಂತರ ಒಳಗೊಳಗೇ ಕುದಿಯುತ್ತಿದ್ದ ಚರ್ಚೆ 2006ರ ಹೊತ್ತಿಗೆ ಪಕ್ಷವನ್ನೇ ಸೀಳಿತು.

ಒಂದು ಬಣದ ವಾದ ಹೀಗಿತ್ತು: ಕರ್ನಾಟಕ, ಮಾವೋವಾದಿಗಳ ದೊಡ್ಡ ನೆಲೆಯಾದ ದಂಡಕಾರಣ್ಯವಲ್ಲ. ಮಲೆನಾಡಿನ ಮನೆಗಳು ಚದುರಿವೆ, ಜನ ಕಡಿಮೆ, ಬಂದೂಕು ಹಿಡಿದು ನಿಲ್ಲುವ ನೆಲೆ ಇಲ್ಲಿಲ್ಲ. ಮೊದಲು ಬಯಲಿನ ರೈತರ, ಪಟ್ಟಣದ ದುಡಿಯುವವರ ನಡುವೆ ಕೆಲಸ ಮಾಡಬೇಕು. ಇನ್ನೊಂದು ಬಣ ಕೇಂದ್ರ ನಾಯಕತ್ವದ ನಿಲುವಿಗೆ ಅಂಟಿಕೊಂಡಿತು: ಕಾಡು ಬಿಟ್ಟರೆ ಕ್ರಾಂತಿ ಬಿಟ್ಟಂತೆ. ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮೊದಲಾದವರು ಮೊದಲ ಬಣದಲ್ಲಿ ಹೊರಬಂದರು. ಕಾಡಿನಲ್ಲಿ ಉಳಿದವರು ಇನ್ನೂ ಚಿಕ್ಕ ಗುಂಪಾದರು.

ಜಾಲಹಳ್ಳಿಯ ಕಾರ್ಖಾನೆ ಗೇಟಿನ ಮುಂದೆ ಬೆಳೆದವರಿಗೆ ಆ ಮೊದಲ ವಾದ ಹೊಸದೇನೂ ಅನಿಸಲಿಕ್ಕಿಲ್ಲ. ಒಂದೂಕಾಲು ಲಕ್ಷ ಜನ ಕೆಲಸ ನಿಲ್ಲಿಸಿದ್ದನ್ನು ಕಣ್ಣಾರೆ ಕಂಡ ಊರಿದು. ಆದರೆ ಆ ಬಣ ಪಟ್ಟಣದ ಕಡೆ ಮುಖ ಮಾಡುವ ಹೊತ್ತಿಗೆ ಇಲ್ಲಿನ ಗೇಟುಗಳೇ ಕಿರಿದಾಗಿದ್ದವು. ಕಾಯಂ ನೌಕರರ ಜಾಗಕ್ಕೆ ಗುತ್ತಿಗೆಯವರು ಬಂದಿದ್ದರು. ನಾಡಿನ ಮದುಮಗನ ಕೈಗೆಲ್ಲ ಗಡಿಯಾರ ಕಟ್ಟಿದ ಎಚ್‌ಎಂಟಿ ಸೊರಗಿ ಕೂತಿತ್ತು. ಮುಷ್ಕರದ ಕಾಲ ಕಳೆದು ಸೈಟಿನ ಕಾಲ ಬಂದಿತ್ತು. ಸರಿಯಾದ ಮಾತನ್ನು ತಡವಾಗಿ ಆಡಿದವರ ಸಂಕಟ ಅವರದು.

ಎರಡು ಬಂದೂಕಿನ ನಡುವೆ

ಮುಂದಿನ ವರ್ಷಗಳನ್ನು ಕಾಡಂಚಿನ ಜನ ಎರಡು ಬಂದೂಕಿನ ನಡುವೆ ಕಳೆದರು. ರಾತ್ರಿ ಬಂದವರಿಗೆ ಅನ್ನ ಹಾಕಿದರೆ ಬೆಳಿಗ್ಗೆ ಪೊಲೀಸರ ವಿಚಾರಣೆ. ಪೊಲೀಸರೊಡನೆ ಮಾತಾಡಿದ್ದು ಕಂಡರೆ ‘ಮಾಹಿತಿದಾರ’ ಎಂಬ ಹಣೆಪಟ್ಟಿ. 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಬಳಿಯ ಎನ್‌ಕೌಂಟರ್‌ನಲ್ಲಿ ಐವರು ಸತ್ತಾಗ, ಅವರೆಲ್ಲ ನಕ್ಸಲರಲ್ಲ ಎಂಬ ಆಕ್ಷೇಪ ಜೋರಾಗಿ ಎದ್ದಿತು. 2008ರಲ್ಲಿ ಹೆಬ್ರಿ ಸಮೀಪದ ಸೀತಾನದಿಯಲ್ಲಿ ನಕ್ಸಲರು ಕೊಂದವರಲ್ಲಿ ಒಬ್ಬರು ಶಾಲಾ ಮೇಷ್ಟ್ರು.

2012ರ ಮಾರ್ಚ್‌ನಲ್ಲಿ ಕುತ್ಲೂರಿನ ಮಲೆಕುಡಿಯ ಹುಡುಗನೊಬ್ಬ ತಂದೆಯೊಡನೆ ಬಂಧನಕ್ಕೊಳಗಾದ. ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ ಆತ. ಪೊಲೀಸರು ಸಾಕ್ಷ್ಯವಾಗಿ ತೋರಿಸಿದ ವಸ್ತುಗಳಲ್ಲಿ ಭಗತ್ ಸಿಂಗನ ಪುಸ್ತಕವೂ ಸೇರಿತ್ತು. ಪರೀಕ್ಷೆಗೆ ಕೂತದ್ದು ಕೈಕೋಳದ ನಡುವೆ. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ನಿರ್ದೋಷಿಗಳೆಂದಿತು. ಕಾಡಿನ ಮನೆಯ ಹುಡುಗ ಪುಸ್ತಕ ಓದಿದ್ದಕ್ಕೆ ತೆತ್ತ ಬೆಲೆ ಒಂಬತ್ತು ವರ್ಷ.

ಈ ನಡುವೆ ಅರಣ್ಯ ಹಕ್ಕು ಕಾಯ್ದೆ ಬಂತು. 2006ರಲ್ಲಿ ಸಂಸತ್ತು ಒಪ್ಪಿದ ಈ ಕಾನೂನು ಕಾಡಿನಲ್ಲಿ ಬದುಕುವವರಿಗೆ ಮೊದಲ ಬಾರಿ ಹಕ್ಕು ಎಂಬ ಪದ ಕೊಟ್ಟಿತು. ಆದರೆ ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದಕ್ಕೆ ಪುರಾವೆ ತೋರಿಸಬೇಕು. ಮನೆಗೆ ಕರೆಂಟೇ ಬಾರದ ಕಡೆ ಮುತ್ತಜ್ಜನ ಕಾಗದ ಎಲ್ಲಿಂದ ತರುವುದು? ಅರ್ಜಿಗಳು ತಿರಸ್ಕೃತವಾಗಿ ಮರಳಿದವು.

ಕಾಡಿನಿಂದ ಕಚೇರಿಗೆ

2014ರ ಡಿಸೆಂಬರ್ 8ರಂದು ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಬಂದರು. ಮಧ್ಯೆ ನಿಂತು ದಾರಿ ಮಾಡಿಕೊಟ್ಟವರು ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ವಕೀಲ ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್. ಸರ್ಕಾರದ ಭಾಷೆಯಲ್ಲಿ ಇದು ಶರಣಾಗತಿ. ಬಂದವರ ಮಾತಿನಲ್ಲಿ ಹೋರಾಟದ ಮಾದರಿಯ ಬದಲಾವಣೆ ಮಾತ್ರ. ಆಗ ತೊಂಬತ್ತಾರರ ಹರೆಯದ ದೊರೆಸ್ವಾಮಿ, ಬ್ರಿಟಿಷರ ಜೈಲು ಕಂಡ ಗಾಂಧಿವಾದಿ, ಬಂದೂಕಿನ ದಾರಿಯವರನ್ನು ಕರೆತರಲು ನಿಂತದ್ದು ಈ ಕಥೆಯ ಅತಿ ಕನ್ನಡದ ಗಳಿಗೆ ಎಂದು ನನಗನಿಸುತ್ತದೆ. ಅದೇ ದೊರೆಸ್ವಾಮಿ ಭೂಮಿ ವಸತಿ ಇಲ್ಲದವರ ಪರ ಇಳಿವಯಸ್ಸಿನಲ್ಲೂ ಧರಣಿ ಕೂರುತ್ತಿದ್ದರು.

ಗೌರಿಯವರನ್ನು 2017ರ ಸೆಪ್ಟೆಂಬರ್ 5ರಂದು ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಸುಬ್ಬಯ್ಯ 2019ರಲ್ಲಿ, ದೊರೆಸ್ವಾಮಿ 2021ರಲ್ಲಿ ತೀರಿಕೊಂಡರು. ಸೇತುವೆ ಕಟ್ಟಿದವರು ಒಬ್ಬೊಬ್ಬರಾಗಿ ಹೋದರೂ ಸೇತುವೆ ಉಳಿಯಿತು. 2024ರ ನವೆಂಬರ್ 18ರಂದು ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ಗೆ ಬಲಿಯಾದ ಬಳಿಕ, ಬಂಜಗೆರೆ ಜಯಪ್ರಕಾಶ್, ಪಾರ್ವತೀಶ ಬಿಳಿದಾಳೆ, ಕೆ.ಪಿ. ಶ್ರೀಪಾಲ್ ಅವರ ಸಮಿತಿ ಉಳಿದವರ ಜೊತೆ ಮಾತಿಗೆ ಕೂತಿತು.

2025ರ ಜನವರಿ 8ರ ಸಂಜೆ ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ಮಾರೆಪ್ಪ ಅರೋಲಿ, ತಮಿಳುನಾಡಿನ ಕೆ. ವಸಂತ್, ಕೇರಳದ ಜೀಶಾ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಗೃಹ ಕಚೇರಿ ‘ಕೃಷ್ಣಾ’ದ ಮೆಟ್ಟಿಲು ಹತ್ತಿದರು. ಆರು ಮಂದಿ, ಅದರಲ್ಲಿ ನಾಲ್ವರು ಹೆಂಗಸರು. ಅವರ ಬಂದೂಕುಗಳು ಆಮೇಲೆ ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ ಸಿಕ್ಕವು, ಬೆರಳೆಣಿಕೆಯಷ್ಟು. ಫೆಬ್ರವರಿ ಮೊದಲಲ್ಲಿ ಕೋಟೆಹೊಂಡ ರವಿ, ತೊಂಬಟ್ಟು ಲಕ್ಷ್ಮಿ ಬಂದ ಮೇಲೆ ಸರ್ಕಾರ ಕರ್ನಾಟಕ ನಕ್ಸಲ್ ಮುಕ್ತ ಎಂದಿತು. ರಾಜ್ಯದ ಪಡೆಯನ್ನು ಎರಡು ದಶಕ ಕಾಡಿಸಿದ ಸಂಘಟನೆಯ ಉಳಿಕೆ ಒಂದು ಟೆಂಪೋದಲ್ಲಿ ಹಿಡಿಸುವಷ್ಟಿತ್ತು.

ಹೊರಬಂದವರ ಹೆಸರುಗಳನ್ನು ಇನ್ನೊಮ್ಮೆ ಓದಿ. ಮುಂಡಗಾರು, ಕುತ್ಲೂರು, ಬಾಳೆಹೊಳೆ, ಕೋಟೆಹೊಂಡ, ತೊಂಬಟ್ಟು. ಅಡ್ಡಹೆಸರುಗಳಲ್ಲ, ಊರುಗಳು. ಈ ಸಂಘಟನೆ ಇಲ್ಲದಿದ್ದರೆ ಬೆಂಗಳೂರಿನ ಪತ್ರಿಕೆಗಳ ಮುಖಪುಟದಲ್ಲಿ ಎಂದೂ ಅಚ್ಚಾಗದಿದ್ದ ಊರುಗಳು. ಅವುಗಳ ಹೆಸರು ಬಂದೂಕಿನ ಸುದ್ದಿಯಾಗಿಯೇ ಬರಬೇಕಾಯಿತಲ್ಲ ಎಂಬುದು ಸರ್ಕಾರಕ್ಕೂ ಸಂಘಟನೆಗೂ ಸೇರಿದ ನಾಚಿಕೆ.

ಚಪ್ಪರದ ಲೆಕ್ಕ

ಚನ್ನರಾಯಪಟ್ಟಣದ ಗೆಲುವನ್ನು ಹಿಡಿದು ‘ನೋಡಿ, ಬಂದೂಕು ಕೈಲಾಗದ್ದನ್ನು ಧರಣಿ ಮಾಡಿತು’ ಎಂದು ಹೇಳಿ ಮುಗಿಸುವುದು ಸುಲಭ. ಅರ್ಧ ಸತ್ಯವೂ ಹೌದು. ಈದುವಿನಿಂದ ‘ಕೃಷ್ಣಾ’ದವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ಆ ಪಕ್ಷ ಒಂದೆಕರೆಗೂ ಪಟ್ಟಾ ಕೊಡಿಸಿದ್ದನ್ನು ನಾನು ಕಾಣೆ; ಚಪ್ಪರದ ಕೆಳಗಿನ ಮೂರು ವರ್ಷ ಮೂರು ತಿಂಗಳು 1,777 ಎಕರೆ ಉಳಿಸಿತು.

ಉಳಿದರ್ಧ ಸತ್ಯ ದೂರದ್ದು. ಚನ್ನರಾಯಪಟ್ಟಣದಿಂದ ವಿಧಾನಸೌಧಕ್ಕೆ ಒಂದು ಬಸ್ಸಿನ ಪ್ರಯಾಣ. 2025ರ ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಪ್ರತಿಭಟನಕಾರರನ್ನು ಎಳೆದಾಡಿದ್ದು ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿತ್ತು. ಮರುದಿನಗಳಲ್ಲಿ ಹೋರಾಟ ಫ್ರೀಡಂ ಪಾರ್ಕಿಗೇ ಬಂತು. ಸಾಹಿತಿಗಳು, ನಟರು ಜೊತೆಗೂಡಿದರು. ವಿರೋಧ ಪಕ್ಷದಲ್ಲಿದ್ದಾಗ ಇದೇ ಧರಣಿಗೆ ಬಂದು ಬೆಂಬಲದ ಮಾತಾಡಿದವರು ಈಗ ಅಧಿಕಾರದಲ್ಲಿದ್ದರು, ಆ ಮಾತನ್ನು ನೆನಪಿಸಲು ರೈತರು ಎದುರಿಗೇ ಇದ್ದರು. ಅವರ ಕೈಯಲ್ಲಿ ಪಹಣಿಯಿತ್ತು. ಕುತ್ಲೂರಿನ ಮಲೆಕುಡಿಯನಿಗೆ ಇದರಲ್ಲಿ ಯಾವುದಿತ್ತು? 1,198 ದಿನ ಅವನು ತನ್ನ ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದರೆ ಬಂದು ನೋಡಲು ಕ್ಯಾಮೆರಾ ಎಲ್ಲಿತ್ತು?

ಆ ಪುಟ್ಟ ಪಕ್ಷದ ದೊಡ್ಡ ತಪ್ಪು ಇದೇ ಇರಬೇಕು. ಕೂಗು ಕೇಳಿಸದ ಜನರನ್ನು ಅದು ಸರಿಯಾಗಿ ಗುರುತಿಸಿತು. ಅವರ ಕೂಗನ್ನು ಹೊತ್ತು ಹತ್ತಿರ ಬರುವ ಬದಲು ಇನ್ನೂ ಒಳಗೆ, ಇನ್ನೂ ದೂರಕ್ಕೆ ಹೋಯಿತು. ಬಂದೂಕಿನ ಸದ್ದು ಬೆಂಗಳೂರಿಗೆ ಕೇಳಿಸಿತು. ಅದರಡಿಯಲ್ಲಿ ಗೇಣು ಗದ್ದೆಯ ಮಾತು ಮುಳುಗಿಹೋಯಿತು.

ನೂರ್ ಶ್ರೀಧರ್ ಕಾಡಿನಿಂದ ದೇವನಹಳ್ಳಿಗೆ ಬಂದರು. ಸರ್ಕಾರದ ಕಿವಿಯ ಹತ್ತಿರಕ್ಕೆ. ಅವರು ಬಿಟ್ಟುಬಂದ ಕಾಡಿನ ಅಂಚಿನಲ್ಲಿ ಇನ್ನೂ ಪಟ್ಟಾ ಇಲ್ಲದ ಮನೆಗಳಿವೆ. ಈಗ ಅಲ್ಲಿ ನಕ್ಸಲರಿಲ್ಲ, ಆದ್ದರಿಂದ ಹೋಗದಿರಲು ಅಧಿಕಾರಿಗಳಿಗೆ ನೆಪವೂ ಇಲ್ಲ. ಆ ಗುಡ್ಡದ ಅಂಗಳದಲ್ಲಿ ನಿಂತು ಯಾರಾದರೂ ‘ಕೂ’ ಹಾಕಿದರೆ ಈ ಕಡೆಯಿಂದ ತಿರುಗಿ ‘ಕೂ’ ಎನ್ನುವವರು ಯಾರು?